ಪುರಾಣದ ಬೇರಿರುವ ಕರಾಳ ಪ್ರಣಯ ಕಾದಂಬರಿ: ಒಂದನ್ನೇ ಓದುವುದಾದರೆ ಯಾವುದು?

ನಡುರಾತ್ರಿಯ ಓದುಗಿ:

ಪುರಾಣದ ಎಳೆಯನ್ನು ಹಿಡಿದು ಬರೆದ ಡಾರ್ಕ್ ಫ್ಯಾಂಟಸಿ ಪ್ರಣಯ ಕಾದಂಬರಿಗಳನ್ನು ಕಳೆದ ಒಂದು ವರ್ಷದಿಂದ ಒಂದರ ಬೆನ್ನಿಗೊಂದರಂತೆ ಓದುತ್ತಿದ್ದೇನೆ. ಅವುಗಳಲ್ಲಿ ಮುಕ್ಕಾಲು ಪಾಲು ಗ್ರೀಕರ ಮೃತ್ಯುಲೋಕದ ದೇವರು ಹೇಡೀಸ್ ಮತ್ತು ಅವನು ಹೊತ್ತೊಯ್ದ ಪರ್ಸೆಫೊನಿಯ ಕಥೆಯನ್ನೇ ಮತ್ತೆ ಹೇಳುವಂಥವು. ಮೊದಮೊದಲು ಹಿಡಿಸಿದವು, ಈಗ ಬೇಸರ ಬಂದಿದೆ. ಮೃತ್ಯುಲೋಕದ ಒಡೆಯನನ್ನು ಕಪ್ಪು ಉಡುಪಿನ, ಕಡಿಮೆ ಮಾತಿನ, ಲೆಕ್ಕವಿಲ್ಲದಷ್ಟು ಹಣವಿರುವ ಗಂಡಸನ್ನಾಗಿ ಮಾಡಿದ ಮೇಲೆ ಬರೆಯುವವರಿಗೆ ಸಾವಿನ ನೆನಪೇ ಇರುವುದಿಲ್ಲ. ಹತ್ತನೆಯ ಅಧ್ಯಾಯದ ಹೊತ್ತಿಗೆ ಸಾವೆಂಬುದು ಅವನ ಅರಮನೆಯ ಗೋಡೆಗೆ ಬಳಿದ ಬಣ್ಣವಾಗಿ ಮಾತ್ರ ಉಳಿದಿರುತ್ತದೆ. ಪಾತ್ರಗಳ ಹೆಸರನ್ನು ಬದಲಿಸಿಬಿಟ್ಟರೆ ಅಲ್ಲಿ ಪುರಾಣದ ಕುರುಹೇ ಸಿಗುವುದಿಲ್ಲ.

ಆದ್ದರಿಂದ ಬಲ್ಲವರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಪಟ್ಟಿ ಬೇಡ, ಒಂದೇ ಹೆಸರು ಸಾಕು. ಕಥೆ ಒಂದೇ ಸಂಪುಟದಲ್ಲಿ ಮುಗಿಯಬೇಕು. ಭಯ ನಿಜವಾದ ಭಯವಾಗಿರಬೇಕು, ಪ್ರೀತಿಯೂ ನಿಜವಾದದ್ದಾಗಿರಬೇಕು. ಹಿಂಸೆಯಿದ್ದರೆ ಸಹಿಸಿಕೊಳ್ಳುತ್ತೇನೆ, ಆದರೆ ಬಲಾತ್ಕಾರವನ್ನು ಪ್ರೀತಿಯೆಂದು ಬಣ್ಣಿಸಿ, ಅದಕ್ಕೆ ಓದುವವರೂ ತಲೆದೂಗಬೇಕೆಂದು ಕಾಯುವ ಪುಸ್ತಕವನ್ನು ಇನ್ನು ಮುಟ್ಟಲಾರೆ. ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ.

ಅಡಿಟಿಪ್ಪಣಿ:

ಹೆಸರನ್ನು ಬೇರೆಯವರು ಹೇಳಲಿ. ನಿಮ್ಮ ಬೇಸರ ಎಲ್ಲಿಂದ ಬಂತೆಂದು ಊಹಿಸುವ ಕೆಲಸವನ್ನಷ್ಟೇ ನಾನು ಮಾಡುತ್ತೇನೆ, ಏಕೆಂದರೆ ಅದು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಪರ್ಸೆಫೊನಿಯ ಕಥೆ ವಿಸ್ತಾರವಾಗಿ ನಮಗೆ ಸಿಗುವ ಅತ್ಯಂತ ಹಳೆಯ ಪಠ್ಯ ಅವಳ ತಾಯಿ ಡೆಮಿಟರ್ ದೇವಿಯ ಮೇಲಿನ ಹೋಮರಿಕ್ ಸ್ತೋತ್ರ. ಅದು ಸುಮಾರು 495 ಸಾಲುಗಳದ್ದು. ಶತಮಾನಗಳ ಕಾಲ ಕಣ್ಮರೆಯಾಗಿದ್ದು, 1777ರಲ್ಲಿ ಮಾಸ್ಕೋದಲ್ಲಿ ದೊರೆತ ಒಂದೇ ಒಂದು ಹಸ್ತಪ್ರತಿಯ ಮೂಲಕ ಉಳಿದುಬಂದಿದೆ. ಆ ಸ್ತೋತ್ರ ಆರಂಭವಾಗುವುದೇ ತಾಯಿಯ ಹೆಸರಿನಿಂದ. ಮಗಳು ಹುಲ್ಲುಗಾವಲಿನಲ್ಲಿ ಹೂ ಕೊಯ್ಯುತ್ತಿದ್ದಾಳೆ, ಒಂದೇ ಬೇರಿನಿಂದ ನೂರು ಹೂ ಬಿಟ್ಟ ನಾರ್ಸಿಸಸ್ ಗಿಡಕ್ಕೆ ಎರಡೂ ಕೈ ಚಾಚುತ್ತಾಳೆ, ಅಷ್ಟರಲ್ಲಿ ನೆಲ ಬಿರಿಯುತ್ತದೆ. ಆ ಹೂವು ಅವಳಿಗಾಗಿಯೇ ಒಡ್ಡಿದ ಬಲೆ, ಮತ್ತು ಒಡ್ಡಲು ಒಪ್ಪಿದವನು ಅವಳ ತಂದೆ ಜ್ಯೂಸ್. ಮುಂದೆ ಅವಳು ತಾಯಿಯ ಬಳಿಗೆ ಹೊರಡುವಾಗ ಹೇಡೀಸ್ ಅವಳಿಗೆ ದಾಳಿಂಬೆಯ ಬೀಜವನ್ನು ಕದ್ದುಮುಚ್ಚಿ ತಿನ್ನಿಸಿದನೆಂದು ಕವಿ ಹೇಳುತ್ತಾನೆ. ತಾಯಿಯ ಮುಂದೆ ನಿಂತ ಮಗಳು ಮಾತ್ರ ಅವನು ಬಲವಂತದಿಂದ ತಿನ್ನಿಸಿದನೆನ್ನುತ್ತಾಳೆ. ಈ ಎರಡು ಮಾತುಗಳ ನಡುವೆ ಕೂದಲೆಳೆಯಷ್ಟು ಅಂತರವಿದೆ. ಇಂದಿನ ಪ್ರಣಯ ಕಾದಂಬರಿಗಳೆಲ್ಲ ಮನೆ ಕಟ್ಟಿಕೊಂಡಿರುವುದು ಆ ಅಂತರದೊಳಗೆ: ಅವಳು ತಾನಾಗಿ ತಿಂದಿದ್ದರೆ? ತಿಂದದ್ದನ್ನು ತಾಯಿಯಿಂದ ಮುಚ್ಚಿಟ್ಟಿದ್ದರೆ?

ಪ್ರಶ್ನೆ ಒಳ್ಳೆಯದೇ. ಕೆಟ್ಟಿರುವುದು ಉತ್ತರದಲ್ಲಿ. ಬೀಜ ತಿಂದ ಮೇಲೆ ವರ್ಷದ ಮೂರರಲ್ಲೊಂದು ಭಾಗವನ್ನು ಅವಳು ಕೆಳಗೇ ಕಳೆಯಬೇಕೆಂಬುದು ಸ್ತೋತ್ರದ ನಿಯಮ. ರೋಮನ್ ಕವಿ ಓವಿಡ್ ತನ್ನ ‘ಮೆಟಮಾರ್ಫೊಸಿಸ್’ನಲ್ಲಿ ಬೀಜಗಳನ್ನು ಏಳಕ್ಕೆ ಏರಿಸಿ ಅವಧಿಯನ್ನು ಅರ್ಧ ವರ್ಷ ಮಾಡಿದ. ಲೆಕ್ಕ ಬದಲಾಗಬಹುದು, ನಿಯಮ ಸಡಿಲವಾಗುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅನ್ನದ ಋಣ. ಯಾರ ಮನೆಯಲ್ಲಿ ಉಂಡೆಯೋ ಆ ಮನೆಗೆ ಸೇರಿದೆ. ನೀವು ಓದಿರುವ ಪುಸ್ತಕಗಳಲ್ಲಿ ದಾಳಿಂಬೆ ಮುಖಪುಟದ ಮೇಲೆ ಕೆಂಪಗೆ ಹೊಳೆಯುತ್ತಿರುತ್ತದೆ, ಒಳಗೆ ಅದರ ಋಣವನ್ನು ತೀರಿಸುವವರು ಯಾರೂ ಇರುವುದಿಲ್ಲ. ಕಳೆದುಕೊಳ್ಳುವುದೇನೂ ಇಲ್ಲದ ಕಡೆ ಸಾವು ಬಣ್ಣವಾಗದೆ ಇನ್ನೇನಾದೀತು?

ತಾಯಿಯ ಪಾಡಂತೂ ಇನ್ನೂ ಕೆಟ್ಟದ್ದು. ಒಂಬತ್ತು ದಿನ ಏನನ್ನೂ ಮುಟ್ಟದೆ ಪಂಜು ಹಿಡಿದು ಮಗಳನ್ನು ಹುಡುಕಿದ ದೇವಿಯನ್ನು ಈಗಿನವರು ಮಗಳ ಕಾಲು ಕಟ್ಟಿಹಾಕುವ ಕಿರಿಕಿರಿಯ ಹೆಂಗಸಾಗಿ ಇಳಿಸಿಬಿಟ್ಟಿದ್ದಾರೆ.

ಮಡಿಸಿದ ಪುಟ:

ಅಡಿಟಿಪ್ಪಣಿಯವರು ಹೇಳಿದ ಅಳತೆಗೋಲನ್ನೇ ಹಿಡಿದು ನನ್ನ ಒಂದು ಹೆಸರನ್ನು ಹೇಳುತ್ತೇನೆ: ಕ್ಯಾಥರಿನ್ ಎಂ. ವ್ಯಾಲೆಂಟೆ ಅವರ ‘ಡೆತ್‌ಲೆಸ್’, 2011ರ ಕಾದಂಬರಿ, ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಗ್ರೀಕರ ಕಥೆಯಲ್ಲ, ರಷ್ಯಾದ ಜನಪದ ಪುರಾಣದ ಮೃತ್ಯುಂಜಯ ಕೊಶ್ಚೆಯ್ ಮತ್ತು ಮಾರ್ಯಾ ಮೊರೆವ್ನಾ ಎಂಬ ಹೆಣ್ಣಿನ ಕಥೆ.

ಕೊಶ್ಚೆಯ್‌ನನ್ನು ಪರಿಚಯಿಸಲು ಕನ್ನಡದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣವಿಟ್ಟ ರಾಕ್ಷಸನ ಕಥೆಯನ್ನು ಕೇಳಿ ಬೆಳೆದವರಿಗೆ ಅವನು ದೂರದ ನೆಂಟ. ಅವನ ಸಾವು ಸೂಜಿಯ ಮೊನೆಯಲ್ಲಿದೆ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬುಯಾನ್ ಎಂಬ ದ್ವೀಪದ ಓಕ್ ಮರದ ಬುಡದಲ್ಲಿ. ವ್ಯತ್ಯಾಸವೇನೆಂದರೆ ನಮ್ಮ ಕಥೆಯಲ್ಲಿ ಸೆರೆಯಲ್ಲಿರುವ ರಾಜಕುಮಾರಿ ರಾಕ್ಷಸನನ್ನು ಪುಸಲಾಯಿಸಿ ಆ ಗುಟ್ಟನ್ನು ಹೊರಗೆಳೆದು ರಾಜಕುಮಾರನ ಕಿವಿಗೆ ಹಾಕುತ್ತಾಳೆ, ಕಥೆ ಮುಗಿಯುತ್ತದೆ. ಆ ರಾಜಕುಮಾರಿ ರಾಕ್ಷಸನನ್ನು ನಿಜವಾಗಿಯೂ ಪ್ರೀತಿಸಿದ್ದರೆ ಏನಾಗುತ್ತಿತ್ತೆಂದು ಕೇಳಿಕೊಳ್ಳುವ ಧೈರ್ಯ ಈ ಕಾದಂಬರಿಗಿದೆ.

ಮೂಲ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಫಾನಾಸ್ಯೆವ್ 1855ರಿಂದ 1863ರವರೆಗೆ ಪ್ರಕಟಿಸಿದ ರಷ್ಯನ್ ಕಥಾಸಂಗ್ರಹದಲ್ಲಿ ಅದು ಇದೆ. ರಾಜಕುಮಾರ ಇವಾನ್ ದಾರಿಯಲ್ಲಿ ಸತ್ತುಬಿದ್ದ ಒಂದು ಇಡೀ ಸೈನ್ಯವನ್ನು ಕಾಣುತ್ತಾನೆ, ಇದನ್ನು ಮಾಡಿದವರು ಯಾರೆಂದು ಕೇಳಿದಾಗ ಮಾರ್ಯಾ ಮೊರೆವ್ನಾ ಎಂಬ ಉತ್ತರ ಬರುತ್ತದೆ. ಅವಳನ್ನೇ ಮದುವೆಯಾಗುತ್ತಾನೆ. ಮತ್ತೊಂದು ಯುದ್ಧಕ್ಕೆ ಹೊರಟ ಹೆಂಡತಿ, ಮನೆಯನ್ನೆಲ್ಲ ನೋಡಿಕೋ, ಆ ಒಂದು ಕೋಣೆಯ ಬಾಗಿಲನ್ನು ಮಾತ್ರ ತೆರೆಯಬೇಡ ಎನ್ನುತ್ತಾಳೆ. ಅವನು ತೆರೆಯುತ್ತಾನೆ. ಒಳಗೆ ಹನ್ನೆರಡು ಸರಪಳಿಗಳಲ್ಲಿ ಕೊಶ್ಚೆಯ್ ನೇತಾಡುತ್ತಿದ್ದಾನೆ, ನೀರು ಕೇಳುತ್ತಾನೆ, ಮೂರು ಬಕೆಟ್ ಕುಡಿದು ಸರಪಳಿ ಹರಿದುಕೊಂಡು ಮಾರ್ಯಾಳನ್ನು ಹೊತ್ತೊಯ್ಯುತ್ತಾನೆ. ಕೊಶ್ಚೆಯ್ ಅವಳ ಮನೆಯಲ್ಲಿ ಏಕಿದ್ದ, ಅವನನ್ನು ಕಟ್ಟಿಹಾಕಿದವರು ಯಾರು, ಯಾವ ತಪ್ಪಿಗೆ, ಎಂಬ ಪ್ರಶ್ನೆಗಳಿಗೆ ಆ ಕಥೆಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ವ್ಯಾಲೆಂಟೆ ತಮ್ಮ ಕಾದಂಬರಿಯನ್ನು ಕಟ್ಟಿರುವುದು ಆ ಬೀಗ ಹಾಕಿದ ಕೋಣೆಯ ಒಳಗೆ. ಹೆಂಡತಿಯೊಬ್ಬಳ ಮನೆಯ ನೆಲಮಾಳಿಗೆಯಲ್ಲಿ ಸರಪಳಿ ಬಿಗಿಸಿಕೊಂಡ ಗಂಡಸಿರುವ ಸ್ಥಿತಿಗೆ ಮೂವರೂ ಹೇಗೆ ಬಂದರೆಂದು ತಿಳಿಯುವಷ್ಟರಲ್ಲಿ ನಿಮ್ಮ ಕರುಣೆ ಮೂರು ಸಲ ಪಕ್ಷ ಬದಲಿಸಿರುತ್ತದೆ.

ಅನ್ನದ ಋಣದ ವಿಷಯಕ್ಕೆ ಬರುತ್ತೇನೆ. ಕೊಶ್ಚೆಯ್ ಮಾರ್ಯಾಳನ್ನು ಕರೆದೊಯ್ಯುವ ದಾರಿಯಲ್ಲಿ ಊಟ ಹಾಕುತ್ತಾನೆ. ಬಡಿಸುವವನೂ ಅವನೇ, ಏನನ್ನು ಹೇಗೆ ತಿನ್ನಬೇಕೆಂದು ಹೇಳುವವನೂ ಅವನೇ. ಸಿರಿವಂತ ಊಟ. ಓದುವಾಗ ಬಾಯಲ್ಲಿ ನೀರೂರುತ್ತದೆ, ಅದರ ಜೊತೆಗೇ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ. ಕಾದಂಬರಿಯ ಉತ್ತರಾರ್ಧದಲ್ಲಿ ಕಥೆ ಜರ್ಮನ್ ಸೇನೆಯ ಮುತ್ತಿಗೆಯಲ್ಲಿರುವ ಲೆನಿನ್‌ಗ್ರಾಡಿಗೆ ಬರುತ್ತದೆ. ಆ ಮುತ್ತಿಗೆ 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ 872 ದಿನ ನಡೆಯಿತು. ಮೊದಲ ಚಳಿಗಾಲದ ಕಡುಕಷ್ಟದ ವಾರಗಳಲ್ಲಿ ದುಡಿಯದ ಅವಲಂಬಿತರಿಗೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ಬ್ರೆಡ್ಡು, ಅದರಲ್ಲೂ ಎಲ್ಲವೂ ಹಿಟ್ಟಲ್ಲ. ಮೃತ್ಯುಲೋಕದ ಅನ್ನವನ್ನು ಉಂಡವಳು ಮನುಷ್ಯರ ಲೋಕಕ್ಕೆ ಮರಳಿದರೆ ಅಲ್ಲಿ ಅನ್ನವೇ ಇಲ್ಲ. ಪುರಾಣದ ನಿಯಮವನ್ನು ಇತಿಹಾಸದ ಎದುರು ಹೀಗೆ ನಿಲ್ಲಿಸಿದ ಇನ್ನೊಂದು ಪ್ರಣಯ ಕಾದಂಬರಿಯನ್ನು ನಾನು ಓದಿಲ್ಲ.

ನಡುರಾತ್ರಿಯ ಓದುಗಿ:

ಮಡಿಸಿದ ಪುಟದವರೇ, ಆಸೆ ಹುಟ್ಟಿಸಿದ್ದೀರಿ. ಆದರೆ ಒಂದು ಅನುಮಾನ ಉಳಿದಿದೆ. ಅವನು ಕರೆದೊಯ್ಯುತ್ತಾನೆ, ಊಟ ಹಾಕುತ್ತಾನೆ, ಹೇಗೆ ತಿನ್ನಬೇಕೆಂದು ಹೇಳುತ್ತಾನೆ ಎಂದಿರಿ. ನಾನು ದೂರವಿಡಬೇಕೆಂದಿದ್ದ ಗಂಡಸು ಇವನೇ ಅಲ್ಲವೇ? ಉಡುಪಿನ ಬಣ್ಣವಷ್ಟೇ ಬೇರೆಯೇ?

ಮಡಿಸಿದ ಪುಟ:

ಕೇಳಬೇಕಾದ ಪ್ರಶ್ನೆ, ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇನೆ. ಹೌದು, ಕೊಶ್ಚೆಯ್ ದಬ್ಬಾಳಿಕೆಯವನು, ಮೊದಲ ಭಾಗದಲ್ಲಿ ಮಾರ್ಯಾ ಅವನ ಕೈಯೊಳಗಿರುತ್ತಾಳೆ. ಕೆಲವು ಪುಟಗಳು ಇರುಸುಮುರುಸು ಮಾಡುತ್ತವೆ. ಇದು ವಯಸ್ಕರಿಗಾಗಿ ಬರೆದ ಪುಸ್ತಕ. ನೋವು ಮತ್ತು ಅಧಿಕಾರ ಹಾಸಿಗೆಯವರೆಗೂ ಬರುತ್ತವೆ, ಯುದ್ಧದ ಮತ್ತು ಹಸಿವಿನ ಸಾವುಗಳು ನೇರವಾಗಿ ಕಾಣುತ್ತವೆ. ಇದನ್ನೆಲ್ಲ ಮೊದಲೇ ಹೇಳದೆ ಪುಸ್ತಕವನ್ನು ಕೈಗಿಡುವುದು ಸರಿಯಲ್ಲ.

ಆದರೂ ನೀವು ಓದಿ ಬೇಸತ್ತ ಪುಸ್ತಕಗಳಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ನಾಯಕನ ಹಿಂದಿನ ಕಥೆಯೆಂದರೆ ಅವನಿಗೊಂದು ಗಾಯವಿತ್ತು, ಅದನ್ನು ನಾಯಕಿ ವಾಸಿಮಾಡಿದಳು ಎಂಬಷ್ಟೇ. ಇಲ್ಲಿ ಮಾರ್ಯಾ ಒಂದು ದಿನ ಒಂದು ಕಾರ್ಖಾನೆಯನ್ನು ಕಾಣುತ್ತಾಳೆ. ತನಗಿಂತ ಮೊದಲು ಅವನು ಕರೆತಂದ ಹೆಣ್ಣುಗಳು, ಜನಪದ ಕಥೆಗಳ ಆ ಯೆಲೆನಾರು, ವಾಸಿಲಿಸಾರು, ಅಲ್ಲಿ ಸಾಲಾಗಿ ಕುಳಿತು ಅವನ ಯುದ್ಧಕ್ಕೆ ಸೈನಿಕರನ್ನು ನೇಯುತ್ತಲೇ ಇದ್ದಾರೆ. ಅದನ್ನು ನೋಡಿದ ಮೇಲೂ ಅವಳು ಅವನನ್ನು ಪ್ರೀತಿಸುತ್ತಾಳೆಯೇ ಎಂಬುದು ಪ್ರಶ್ನೆ. ಉತ್ತರ ಏನೇ ಇದ್ದರೂ ಆ ಹೆಣ್ಣುಗಳು ಪುಸ್ತಕದಿಂದ ಎದ್ದುಹೋಗುವುದಿಲ್ಲ. ಮದುವೆಯೆಂದರೆ ಯಾರು ಆಳುವುದು ಎಂಬ ಜಗಳವೆಂದು ಈ ಕಾದಂಬರಿ ಮತ್ತೆ ಮತ್ತೆ ಹೇಳುತ್ತದೆ, ಮತ್ತು ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಹಿಂದಿನಷ್ಟೇ ಕ್ರೂರವಾಗಿರುತ್ತದೆ. ಸರಪಳಿಯ ಇನ್ನೊಂದು ತುದಿಯನ್ನು ಹಿಡಿದವಳು ಮಾರ್ಯಾ ಎಂಬುದನ್ನು ಮರೆಯಬೇಡಿ. ಅವಳ ಮೇಲೆ ನನಗೆ ಸಿಟ್ಟು ಬಂದಷ್ಟು ಅವನ ಮೇಲೂ ಬಂದಿಲ್ಲ.

ಕಥೆ ಕೇಳುವವನು:

ಒಳ್ಳೆಯ ಮಾತುಗಳು ನಡೆಯುತ್ತಿವೆ, ಆದರೆ ನನ್ನದೊಂದು ಹಳೆಯ ಕೊರಗಿದೆ. ಕರಾಳ ಪ್ರಣಯಕ್ಕೆ ಗ್ರೀಸಿಗೂ ರಷ್ಯಾಕ್ಕೂ ಹೋಗುವ ನಾವು ಋಗ್ವೇದದ ಹತ್ತನೆಯ ಮಂಡಲದ 95ನೆಯ ಸೂಕ್ತವನ್ನು ಏಕೆ ಮರೆತಿದ್ದೇವೆ? ಪುರೂರವ ಮತ್ತು ಊರ್ವಶಿಯ ಸಂವಾದ ಅದು, 18 ಋಕ್ಕುಗಳದ್ದು. ನಾಟಕಗಳಲ್ಲಿ ನಾವು ಕಾಣುವ ಸುಕುಮಾರ ಅಪ್ಸರೆ ಅಲ್ಲಿಲ್ಲ. ಬಿಟ್ಟುಹೋದ ಹೆಂಡತಿಯನ್ನು ಹಿಂಬಾಲಿಸಿದ ಗಂಡ, ತಾನು ಸತ್ತು ತೋಳಗಳ ಪಾಲಾಗುತ್ತೇನೆಂದು ಹೆದರಿಸುತ್ತಾನೆ. ಅವಳ ಉತ್ತರ ಎದೆ ನಡುಗಿಸುವಂಥದ್ದು: ಸಾಯಬೇಡ, ಹೆಣ್ಣುಗಳೊಂದಿಗೆ ಗೆಳೆತನವೆಂಬುದಿಲ್ಲ, ಅವರ ಹೃದಯಗಳು ಸಾಲಾವೃಕಗಳ ಹೃದಯಗಳು. ಸಾಲಾವೃಕವೆಂದರೆ ಕತ್ತೆಕಿರುಬವೆಂದು ಕೆಲವರು, ತೋಳದ ಜಾತಿಯ ಪ್ರಾಣಿಯೆಂದು ಕೆಲವರು ಹೇಳುತ್ತಾರೆ. ಪ್ರೇಯಸಿ ತಾನೇ ತನ್ನನ್ನು ಮೃಗವೆಂದು ಕರೆದುಕೊಂಡು ಪ್ರಿಯಕರನನ್ನು ಬದುಕಿಸುವುದು! ಇದಕ್ಕಿಂತ ಡಾರ್ಕ್ ಇನ್ನೇನು ಬೇಕು?

ಶತಪಥ ಬ್ರಾಹ್ಮಣದಲ್ಲಿ ಇದೇ ಕಥೆ ಷರತ್ತಿನ ಸಮೇತ ಬರುತ್ತದೆ. ನಿನ್ನನ್ನು ನಾನು ಬತ್ತಲೆಯಾಗಿ ಕಾಣಬಾರದು ಎಂದು ಊರ್ವಶಿ ಮಾತು ತೆಗೆದುಕೊಂಡಿರುತ್ತಾಳೆ. ಅವಳು ಹಾಸಿಗೆಗೆ ಕಟ್ಟಿಕೊಂಡಿದ್ದ ಕುರಿಮರಿಗಳನ್ನು ಗಂಧರ್ವರು ರಾತ್ರಿ ಕದಿಯುತ್ತಾರೆ, ಬಟ್ಟೆ ಉಡುವಷ್ಟೂ ತಡಮಾಡದೆ ಪುರೂರವ ಜಿಗಿದೋಡುತ್ತಾನೆ, ಅದೇ ಕ್ಷಣದಲ್ಲಿ ಅವರು ಮಿಂಚನ್ನು ಹೊಳೆಯಿಸುತ್ತಾರೆ. ಹಗಲಿನಂತೆ ಬೆಳಕಾಗುತ್ತದೆ. ಅವನು ಮರಳಿ ಬರುವಷ್ಟರಲ್ಲಿ ಅವಳಿಲ್ಲ.

ಆದಿಪರ್ವದ ರುರು ಮತ್ತು ಪ್ರಮದ್ವರೆಯ ಕಥೆಯನ್ನೂ ನೆನೆಯಿರಿ. ಮದುವೆಗೆ ಮೊದಲೇ ಹಾವು ಕಚ್ಚಿ ಸತ್ತ ಹುಡುಗಿಗೆ ರುರು ತನ್ನ ಆಯುಷ್ಯದ ಅರ್ಧವನ್ನು ಕೊಟ್ಟು ಬದುಕಿಸಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ನಿಂತಿದ್ದರೆ ಚೆಂದದ ಪ್ರಣಯವಾಗುತ್ತಿತ್ತು. ಮುಂದೆ ಅವನು ಕೋಲು ಹಿಡಿದು ಕಂಡ ಕಂಡ ಹಾವನ್ನೆಲ್ಲ ಬಡಿಯುತ್ತಾ ತಿರುಗುತ್ತಾನೆ. ಅರ್ಧ ಆಯುಷ್ಯ ಕೊಟ್ಟವನ ಉಳಿದರ್ಧ ಹೀಗೆ ಹಗೆಯಲ್ಲಿ ಕಳೆಯುವುದನ್ನು ಪಕ್ಕದಲ್ಲಿದ್ದು ನೋಡುವ ಪ್ರಮದ್ವರೆಯ ಬಾಯಿಂದ ಯಾರಾದರೂ ಒಂದು ಕಾದಂಬರಿ ಹೇಳಿಸಬೇಕು.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಯಾರಾದರೂ ನೆನಪಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ನಾಟಕ, ಇಲ್ಲಿ ಕೇಳಿರುವುದು ಕಾದಂಬರಿ. ಆದರೂ ಅಡಿಟಿಪ್ಪಣಿಯವರ ಮಾತಿಗೆ ಅದು ಪುಷ್ಟಿಯೇ. ಅಲ್ಲಿಯೂ ಹಾವು ಹೆಣ್ಣಿಗೆ ಮನಸೋಲುವುದು ಬೇರು ಅರೆದು ಹಾಕಿದ ಸಾರು ಹುತ್ತದೊಳಗೆ ಬಿದ್ದ ಮೇಲೆಯೇ.

ಅಡಿಟಿಪ್ಪಣಿ:

ಕಥೆ ಕೇಳುವವರೇ, ನೀವು ಉಲ್ಲೇಖಿಸಿದ ಸೂಕ್ತದಲ್ಲೇ ಸಾಲಾವೃಕದ ಮರುಋಕ್ಕಿನಲ್ಲಿ ಊರ್ವಶಿ ಹೇಳುವುದನ್ನು ಬಿಟ್ಟುಬಿಟ್ಟಿರಿ. ಮನುಷ್ಯರ ನಡುವೆ ರೂಪ ಬದಲಿಸಿಕೊಂಡು ನಾಲ್ಕು ಶರತ್ಕಾಲ ಇದ್ದೆ, ದಿನಕ್ಕೊಂದು ಸಲ ಒಂದು ಹನಿ ತುಪ್ಪ ತಿಂದೆ, ಅದರಿಂದಲೇ ಇನ್ನೂ ತೃಪ್ತಳಾಗಿ ತಿರುಗುತ್ತಿದ್ದೇನೆ ಎನ್ನುತ್ತಾಳೆ. ದಾಳಿಂಬೆಯ ಕಥೆಯನ್ನು ಒಳಮಗ್ಗುಲಿಗೆ ತಿರುಗಿಸಿದಂತಿದೆ. ಅಲ್ಲಿ ಒಂದು ಬೀಜ ತಿಂದವಳು ಬಿಡಿಸಿಕೊಳ್ಳಲಾರಳು. ಇಲ್ಲಿ ಒಂದು ಹನಿ ತಿಂದವಳು ಬಿಟ್ಟುಹೋಗುತ್ತಾಳೆ, ಆದರೆ ರುಚಿ ಅವಳನ್ನು ಬಿಟ್ಟಿಲ್ಲ.

‘ಡೆತ್‌ಲೆಸ್’ ಬಗ್ಗೆ ಒಂದು ತಿದ್ದುಪಡಿಯಂಥ ಮಾತು. ಮೊಟ್ಟೆಯೊಳಗಿನ ಸೂಜಿ ಮತ್ತು ಬೀಗ ಹಾಕಿದ ಕೋಣೆ ಒಂದೇ ಜನಪದ ಕಥೆಯವಲ್ಲ. ಮಾರ್ಯಾ ಮೊರೆವ್ನಾಳ ಕಥೆಯಲ್ಲಿ ಕೊಶ್ಚೆಯ್ ಸಾಯುವುದು ಇವಾನನ ಕುದುರೆಯ ಒದೆತದಿಂದ. ಮೊಟ್ಟೆಯ ಪ್ರಸಂಗ ಬೇರೆ ಕಥೆಗಳಿಂದ ಬಂದದ್ದು. ಇದನ್ನು ದೋಷವೆಂದು ಹೇಳುತ್ತಿಲ್ಲ, ಪುರಾಣವನ್ನು ಆಡುವವರೆಲ್ಲ ಹೀಗೇ ಹೆಣೆದಿದ್ದಾರೆ. ಮೂಲ ಕಥೆಯ ಇನ್ನೊಂದು ವಿವರ ನನಗೆ ಹೆಚ್ಚು ಇಷ್ಟ: ಹೆಂಡತಿಯನ್ನು ಬಿಡಿಸಿಕೊಂಡು ಓಡುವ ಇವಾನನನ್ನು ಕೊಶ್ಚೆಯ್ ಹಿಡಿದಾಗಲೂ ಮೊದಲು ಕೊಲ್ಲದೆ ಬಿಡುತ್ತಾನೆ. ಕೋಣೆಯಲ್ಲಿ ನೀರು ಕೊಟ್ಟವನು ಇವಾನ್, ಆ ಉಪಕಾರದ ಲೆಕ್ಕ ತೀರಬೇಕು. ಲೆಕ್ಕ ತೀರಿದ ಮೇಲೆ ತುಂಡು ತುಂಡು ಮಾಡಿ ಪೀಪಾಯಿಯಲ್ಲಿ ತುಂಬಿ ಸಮುದ್ರಕ್ಕೆ ಎಸೆಯುತ್ತಾನೆ. ರಾಕ್ಷಸನಿಗೂ ನೀರಿನ ಋಣವಿದೆ.

ಮೌನಿ:

ಎಲ್ಲರೂ ಹೊಗಳುತ್ತಿರುವಾಗ ಒಬ್ಬರಾದರೂ ಬೇರೆ ಮಾತು ಹೇಳಬೇಕು. ‘ಡೆತ್‌ಲೆಸ್’ ನನಗೆ ದಕ್ಕಲಿಲ್ಲ. ಭಾಷೆ ಅತಿಯಾಗಿ ಅಲಂಕರಿಸಿಕೊಂಡಿದೆ. ಪ್ರತಿ ವಾಕ್ಯವೂ ತನ್ನನ್ನು ನೋಡಿರೆಂದು ಕರೆಯುವ ಕಡೆ ಪಾತ್ರಗಳ ಉಸಿರು ಕೇಳಿಸುವುದಿಲ್ಲ. ಮನೆಯಲ್ಲಿ ಸಮಿತಿ ಮಾಡಿಕೊಂಡಿರುವ ಗೃಹದೇವತೆಗಳಂಥ ಸೋವಿಯೆತ್ ವಿಡಂಬನೆ ತಮಾಷೆಯಾಗಿದ್ದರೂ ಪ್ರಣಯದ ಬಿಸಿಯನ್ನು ಆಗಾಗ ಆರಿಸುತ್ತದೆ. ರಷ್ಯಾದ ಕಥೆಗಳ ಪರಿಚಯವಿಲ್ಲದವರು ಮೊದಲ ನೂರು ಪುಟಗಳಲ್ಲಿ ದಾರಿ ತಪ್ಪುವುದು ಖಂಡಿತ.

ನನ್ನ ಹೆಸರು ಸಿ. ಎಸ್. ಲೂಯಿಸ್ ಅವರ ‘ಟಿಲ್ ವಿ ಹ್ಯಾವ್ ಫೇಸಸ್’, 1956ರದ್ದು. ಎರಡನೆಯ ಶತಮಾನದ ಲೇಖಕ ಅಪುಲೀಯಸ್ ಲ್ಯಾಟಿನ್ನಿನಲ್ಲಿ ಬರೆದ ಕ್ಯುಪಿಡ್ ಮತ್ತು ಸೈಕಿಯ ಕಥೆ ಅದರ ಮೂಲ. ಕಾಣದ ಗಂಡನೊಂದಿಗೆ ಕತ್ತಲಲ್ಲಿ ಬಾಳುವ ಸೈಕಿ, ಅಕ್ಕಂದಿರ ಮಾತು ಕೇಳಿ ದೀಪ ಹಚ್ಚಿ ಅವನ ಮುಖ ನೋಡುತ್ತಾಳೆ, ಎಣ್ಣೆಯ ಹನಿಯೊಂದು ಅವನ ಹೆಗಲ ಮೇಲೆ ಬೀಳುತ್ತದೆ. ಲೂಯಿಸ್ ಇದನ್ನು ಹೇಳಿಸುವುದು ಆ ದೀಪ ಹಚ್ಚಿಸಿದ ಅಕ್ಕನ ಬಾಯಿಂದ. ಅವಳ ಹೆಸರು ಒರುವಾಲ್, ಕುರೂಪಿ, ಮುಖಕ್ಕೆ ಪರದೆ ಹಾಕಿಕೊಂಡು ರಾಜ್ಯವಾಳುವವಳು. ಅಪುಲೀಯಸ್‌ನಲ್ಲಿ ಅಕ್ಕಂದಿರು ತಂಗಿಯ ಅರಮನೆಯನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ. ಲೂಯಿಸ್‌ನಲ್ಲಿ ಅಕ್ಕನಿಗೆ ಅರಮನೆಯೇ ಕಾಣುವುದಿಲ್ಲ. ಬೆಟ್ಟದ ಮೇಲೆ ಹರಕು ಬಟ್ಟೆಯಲ್ಲಿ ಕುಳಿತ ತಂಗಿ, ಇಗೋ ದ್ರಾಕ್ಷಾರಸ ಎಂದು ಕೈಗಿಟ್ಟದ್ದು ಅಕ್ಕನಿಗೆ ಬೊಗಸೆ ನೀರಾಗಿ ಕಾಣುತ್ತದೆ. ಆ ಒಂದು ದೃಶ್ಯಕ್ಕಾಗಿ ಪುಸ್ತಕವನ್ನು ಎರಡು ಸಲ ಓದಿದ್ದೇನೆ.

ನಡುರಾತ್ರಿಯ ಓದುಗಿ:

ಮೌನಿಯವರೇ, ಆ ದೃಶ್ಯ ಓದಬೇಕೆನಿಸುತ್ತಿದೆ. ಆದರೆ ಅದರಲ್ಲಿ ಪ್ರಣಯವಿದೆಯೇ?

ಮೌನಿ:

ಪ್ರಾಮಾಣಿಕವಾಗಿ ಹೇಳುವುದಾದರೆ, ನೀವು ಕೇಳಿದ ಅರ್ಥದಲ್ಲಿ ಇಲ್ಲ. ತಂಗಿಯನ್ನು ನುಂಗುವಷ್ಟು ಪ್ರೀತಿಸುವ ಅಕ್ಕನ ಕಥೆ ಅದು. ದೇವರು ಮತ್ತು ಸೈಕಿಯ ದಾಂಪತ್ಯವನ್ನು ನಾವು ಹೊರಗಿನಿಂದ, ಅದೂ ನಂಬದವಳ ಕಣ್ಣಿನಿಂದ ನೋಡುತ್ತೇವೆ. ನಿಮ್ಮ ಷರತ್ತುಗಳಲ್ಲಿ ಒಂದನ್ನು ಅದು ಮುರಿಯುತ್ತದೆಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ಪುಸ್ತಕವಾಗಿ ಓದಿ.

ಅಡಿಟಿಪ್ಪಣಿ:

ಅಪುಲೀಯಸ್‌ನ ಹೆಸರು ಬಂದದ್ದು ಒಳ್ಳೆಯದಾಯಿತು. ಸೈಕಿಯ ಕೊನೆಯ ಪರೀಕ್ಷೆ ಮೃತ್ಯುಲೋಕಕ್ಕೆ ಹೋಗಿ ಪರ್ಸೆಫೊನಿಯಿಂದ ಸೌಂದರ್ಯದ ಪೆಟ್ಟಿಗೆಯನ್ನು ತರುವುದು. ಹೊರಡುವಾಗ ಅವಳಿಗೆ ಸಿಗುವ ಬುದ್ಧಿಮಾತು ಹೀಗಿದೆ: ರಾಣಿ ಮೆತ್ತನೆಯ ಆಸನ ತೋರಿಸಿ ಮೃಷ್ಟಾನ್ನ ಬಡಿಸುತ್ತಾಳೆ, ನೀನು ನೆಲದ ಮೇಲೆ ಕುಳಿತು ಒರಟು ರೊಟ್ಟಿಯನ್ನು ಮಾತ್ರ ಕೇಳು. ಹಿಂದೊಮ್ಮೆ ಬೀಜ ತಿಂದು ಸಿಕ್ಕಿಬಿದ್ದವಳು ಈಗ ಬಡಿಸುವ ಜಾಗದಲ್ಲಿದ್ದಾಳೆ!

ಇದಕ್ಕಿಂತ ಎಷ್ಟೋ ಹಳೆಯದಾದ, ಕ್ರಿ.ಪೂ. 14ನೆಯ ಶತಮಾನದ ಒಂದು ಪ್ರತಿ ಸಿಕ್ಕಿರುವ, ನೆರ್ಗಲ್ ಮತ್ತು ಎರೆಶ್ಕಿಗಲ್‌ರ ಕಥೆಯ ಪ್ರಾಚೀನ ಮೆಸಪೊಟೇಮಿಯದ ಅಕ್ಕಾಡಿಯನ್ ಕಾವ್ಯದಲ್ಲಿಯೂ ಇದೇ ನಿಯಮವಿದೆ. ಅಲ್ಲಿ ಮೃತ್ಯುಲೋಕ ಹೆಣ್ಣಿನದು, ಕೆಳಗಿಳಿಯುವವನು ಗಂಡು. ಕ್ರಿ.ಪೂ. 7ನೆಯ ಶತಮಾನದ ಪಾಠದಲ್ಲಿ ಅವನಿಗೆ ಎಚ್ಚರಿಕೆ ಸಿಗುತ್ತದೆ: ಕೊಟ್ಟ ಕುರ್ಚಿಯಲ್ಲಿ ಕೂರಬೇಡ, ರೊಟ್ಟಿ ಮಾಂಸ ತಿನ್ನಬೇಡ, ಕಾಲು ತೊಳೆಯಲು ನೀರು ಕೊಟ್ಟರೆ ತೊಳೆಯಬೇಡ, ರಾಣಿ ಸ್ನಾನಕ್ಕೆ ಹೋದಾಗ ನೋಡಿ ಮರುಳಾಗಬೇಡ. ಮೊದಲಿನವನ್ನೆಲ್ಲ ಪಾಲಿಸುತ್ತಾನೆ, ಕೊನೆಯದರಲ್ಲಿ ಸೋಲುತ್ತಾನೆ. ಆರು ದಿನ ಅವಳೊಂದಿಗಿದ್ದು ಏಳನೆಯ ದಿನ ಹೇಳದೆ ಹೋಗುತ್ತಾನೆ. ಅವಳು ನೆಲಕ್ಕೆ ಬಿದ್ದು ಅಳುತ್ತಾಳೆ, ಅನಂತರ ದೇವತೆಗಳಿಗೆ ಹೇಳಿಕಳುಹಿಸುತ್ತಾಳೆ: ಅವನನ್ನು ಮರಳಿ ಕಳುಹಿಸದಿದ್ದರೆ ಸತ್ತವರನ್ನು ಮೇಲಕ್ಕೆ ಬಿಡುತ್ತೇನೆ, ಅವರು ಬದುಕಿದವರನ್ನು ತಿನ್ನುವರು, ಸತ್ತವರೇ ಹೆಚ್ಚಾಗುವರು. ವಿರಹದ ಇಂಥ ಪತ್ರವನ್ನು ನಾನು ಬೇರೆಲ್ಲೂ ಓದಿಲ್ಲ. ಇದನ್ನು ಹಿಡಿದು ಒಂದು ಒಳ್ಳೆಯ ಕಾದಂಬರಿ ಬಂದರೆ ನಮ್ಮ ಓದುಗಿಯವರು ಕೇಳಿದ್ದು ಅದೇ ಆಗಿರುತ್ತದೆ.

ಕಥೆ ಕೇಳುವವನು:

ಏಳನೆಯ ದಿನ ಹೇಳದೆ ಹೋಗುವುದು ಗಂಡಸರ ಹಳೆಯ ಚಾಳಿಯೆಂದು ಈಗ ಜೇಡಿಮಣ್ಣಿನ ಹಲಗೆಯ ಸಾಕ್ಷಿಯೂ ಸಿಕ್ಕಿತು.

ನಡುರಾತ್ರಿಯ ಓದುಗಿ:

ಎಲ್ಲರಿಗೂ ವಂದನೆಗಳು. ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ‘ಡೆತ್‌ಲೆಸ್’ ತೆಗೆದುಕೊಂಡೆ, ಮುಕ್ಕಾಲು ಪಾಲು ಓದಿದ್ದೇನೆ.

ಮೌನಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬುಯಾನ್‌ನಲ್ಲಿ ನಡೆಯುವ ಭಾಗ ನನಗೂ ಎಳೆದಂತೆ ಅನಿಸಿತು, ಎರಡು ಕಡೆ ಪುಟ ಹಾರಿಸಿದೆ. ಮೊದಲ ಊಟದ ದೃಶ್ಯವನ್ನು ಓದುವಾಗ ಮಾತ್ರ ಮಡಿಸಿದ ಪುಟದವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಆಸೆ ಮತ್ತು ಹೆದರಿಕೆ ಒಂದೇ ತುತ್ತಿನಲ್ಲಿ ಬಂದವು. ನಾನು ಈವರೆಗೆ ಓದಿದ ಪುಸ್ತಕಗಳಲ್ಲಿ ನಾಯಕಿ ಎಷ್ಟೊಂದು ಸಲ ತಿಂದಿದ್ದಾಳೆ, ಒಮ್ಮೆಯಾದರೂ ಹೀಗೆ ಗಮನಿಸಿರಲಿಲ್ಲ. ಹಳೆಯ ಪುಸ್ತಕವೊಂದನ್ನು ತೆಗೆದು ನೋಡಿದೆ. ದಾಳಿಂಬೆಯ ಪ್ರಸಂಗ ಅದರಲ್ಲೂ ಇದೆ: ಅವಳು ತಿನ್ನುತ್ತಾಳೆ, ಅವನು ಅವಳ ತುಟಿ ಒರೆಸುತ್ತಾನೆ, ಮುಂದಿನ ಅಧ್ಯಾಯದಲ್ಲಿ ಅವಳು ತನ್ನ ಪಾಡಿಗೆ ಮನೆಗೆ ಹೋಗಿ ಬರುತ್ತಾಳೆ.

ಒಂದು ವಿಷಯದಲ್ಲಿ ಮಡಿಸಿದ ಪುಟದವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ನಿಮಗೆ ಮಾರ್ಯಾಳ ಮೇಲೆ ಸಿಟ್ಟು ಬಂತು ಎಂದಿರಿ. ನನಗೆ ಬರಲಿಲ್ಲ. ಆ ಕಾರ್ಖಾನೆಯನ್ನು ಕಂಡ ಹೆಣ್ಣು ಸರಪಳಿ ಬಿಗಿಯುವುದನ್ನು ಕಲಿಯದಿದ್ದರೆ ಆಶ್ಚರ್ಯಪಡಬೇಕಿತ್ತು. ನನಗೆ ಸಿಟ್ಟು ಬಂದದ್ದು ಇವಾನನ ಮೇಲೆ. ಒಳ್ಳೆಯವನೆಂಬ ಒಂದೇ ಅರ್ಹತೆಯ ಮೇಲೆ ಅವಳು ತನ್ನವಳೆಂದು ಅವನು ನಂಬಿಕೊಂಡದ್ದು ಕೊಶ್ಚೆಯ್‌ನ ದಬ್ಬಾಳಿಕೆಗಿಂತ ತಣ್ಣಗಿನ ಅಹಂಕಾರವಾಗಿ ಕಂಡಿತು.

ನಿನ್ನೆ ರಾತ್ರಿ ಮುತ್ತಿಗೆಯ ಮೊದಲ ಚಳಿಗಾಲದವರೆಗೆ ಬಂದು ನಿಲ್ಲಿಸಿದೆ. ಹಸಿವಾಗಿತ್ತು. ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ, ಏನನ್ನೂ ಮುಟ್ಟದೆ ಮತ್ತೆ ಮುಚ್ಚಿಟ್ಟು ಬಂದೆ. ಉಳಿದದ್ದನ್ನು ಈ ವಾರ ಮುಗಿಸುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಕೊನೆಯ ಭಾಗದ ಬಗ್ಗೆ ಯಾರೂ ಬಾಯಿ ಬಿಡಬೇಡಿ.

ಮಡಿಸಿದ ಪುಟ:

ಇವಾನನ ವಿಷಯದಲ್ಲಿ ಜಗಳಕ್ಕೆ ಸಿದ್ಧನಿದ್ದೇನೆ. ನೀವು ಮುಗಿಸುವವರೆಗೆ ಕಾಯುತ್ತೇನೆ.